ಹ್ಯಾಕಿಂಗ್, ಕ್ರ್ಯಾಕಿಂಗ್: ಪದೇ ಪದೇ ಕೇಳೋ ಪ್ರಶ್ನೆಗಳು

ಹ್ಯಾಕಿಂಗ್ ಬಗ್ಗೆ ಮಾತು ಶುರುವಾದಾಗೆಲ್ಲ ಇವೇ ಪ್ರಶ್ನೆಗಳು ತಿರುಗಿ ತಿರುಗಿ ಬರ್ತಾವೆ, ಅದಕ್ಕೇ ಎಲ್ಲಾನೂ ಒಂದು ಕಡೆ ಬರೆದಿಟ್ಟಿದೀನಿ. ಪ್ರಶ್ನೆಗಳು ಕೇಳಿದವರ ಮಾತಲ್ಲೇ ಇವೆ. ಮೊದಲು ಪದಗಳ ಅರ್ಥ, ಆಮೇಲೆ ದಿನಾ ಎದುರಾಗೋ ವಿಷಯ, ಕೊನೆಗೆ ಸ್ವಲ್ಪ ಟೆಕ್ನಿಕಲ್ಲು, ಸ್ವಲ್ಪ ಕಾನೂನು. ಒಂದು ಉತ್ತರ ಅರ್ಥ ಆಗ್ಬೇಕು ಅಂದ್ರೆ ಇನ್ನೊಂದು ಓದಿರಲೇಬೇಕು ಅಂತೇನಿಲ್ಲ, ಬೇಕಾದ್ದನ್ನ ಮಾತ್ರ ಓದ್ಕೊಳ್ಳಿ.

## ಮೊದಲಿಗೆ ಪದಗಳು

ಹ್ಯಾಕಿಂಗ್ ಅಂದ್ರೆ ಕಳ್ಳತನ ತಾನೇ? ಅದ್ರಲ್ಲಿ ಒಳ್ಳೇದು ಏನಿದೆ?

ಕಳ್ಳತನ ಅಲ್ಲ. ಒಂದು ಸಿಸ್ಟಮ್ ಹೇಗೆ ಕೆಲಸ ಮಾಡತ್ತೆ ಅಂತ ಬುಡದಿಂದ ತಿಳ್ಕೊಂಡು, ಅದನ್ನ ತಯಾರು ಮಾಡಿದವರೇ ಯೋಚನೆ ಮಾಡಿರದ ಕೆಲಸಾನ ಅದರ ಕೈಲಿ ಮಾಡಿಸೋದಿದೆಯಲ್ಲ, ಅದು ಹ್ಯಾಕಿಂಗ್. ಹಳೇ ಪ್ರಿಂಟರಿಗೆ ಡ್ರೈವರ್ ಸಿಗಲಿಲ್ಲ ಅಂತ ತಾನೇ ಕೂತು ಬರೆದೋನೂ ಹ್ಯಾಕರ್ರೇ, ಗೇಮ್ ಕನ್ಸೋಲ್ ಒಳಗೆ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಓಡಿಸಿದೋಳೂ ಹ್ಯಾಕರ್ರೇ. ಪ್ರೋಗ್ರಾಮರ್‌ಗಳು ಒಟ್ಟಿಗೆ ಕೂತು ರಾತ್ರಿ ಹಗಲು ಕೋಡ್ ಬರೆಯೋ ಕಾರ್ಯಕ್ರಮಕ್ಕೆ ಹ್ಯಾಕಥಾನ್ ಅಂತ ಹೆಸರಿದೆ, 1999ರಲ್ಲಿ ಓಪನ್‌ಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮ್ ಬರೆಯೋ ಜನ ಕೆನಡಾದ ಕ್ಯಾಲ್ಗರಿಯಲ್ಲಿ ಸೇರಿದಾಗ ಬಳಕೆಗೆ ಬಂದ ಹೆಸರು ಅದು, ಅಲ್ಲಿ ಯಾರೂ ಏನನ್ನೂ ಕದೀತಾ ಇರಲಿಲ್ಲ. ಹೌದು, ಇದೇ ತಿಳುವಳಿಕೆ ಇಟ್ಕೊಂಡು ಇನ್ನೊಬ್ಬರ ಡೇಟಾ ಕದಿಯೋರೂ ಇದ್ದಾರೆ. ಅವರು ಮಾಡೋದು ಅಪರಾಧ. ಆದ್ರೆ ಆ ತಿಳುವಳಿಕೆಯೇ ಅಪರಾಧ ಅನ್ನೋ ಮಾತನ್ನ ನಾನು ಒಪ್ಪಲ್ಲ.

ಹಾಗಾದ್ರೆ ಕ್ರ್ಯಾಕಿಂಗ್ ಬೇರೆನಾ? ನಾನು ಎರಡೂ ಒಂದೇ ಅಂದ್ಕೊಂಡಿದ್ದೆ

ಬಹಳ ಜನ ಹಾಗೇ ಅಂದ್ಕೊಂಡಿರ್ತಾರೆ. ಕ್ರ್ಯಾಕಿಂಗ್ ಅನ್ನೋ ಪದಾನ ಮೂರು ಕಡೆ ಬಳಸ್ತಾರೆ. ಬೇರೆಯವರ ಸಿಸ್ಟಮ್ಮಿಗೆ ಕೇಳದೆ ನುಗ್ಗೋದು ಒಂದು, ಪಾಸ್‌ವರ್ಡ್ ಅಥವಾ ಎನ್‌ಕ್ರಿಪ್ಷನ್ ಒಡೆಯೋದು ಇನ್ನೊಂದು, ದುಡ್ಡು ಕೊಟ್ಟು ತಗೋಬೇಕಾದ ಸಾಫ್ಟ್‌ವೇರಿನ ಲೈಸೆನ್ಸ್ ಚೆಕ್ ಕಿತ್ತುಹಾಕೋದು ಮತ್ತೊಂದು. ಇವುಗಳಲ್ಲಿ ಮೊದಲನೇ ಅರ್ಥದ ಕ್ರ್ಯಾಕರ್ ಅನ್ನೋ ಪದಾನ 1985ರ ಸುಮಾರಿಗೆ ಹ್ಯಾಕರ್‌ಗಳೇ ಹುಟ್ಟುಹಾಕಿದ್ದು, ಪತ್ರಿಕೆಗಳು ನುಗ್ಗೋರನ್ನೆಲ್ಲ ಹ್ಯಾಕರ್ ಅಂತ ಬರೆಯೋಕೆ ಶುರು ಮಾಡಿದ್ವು ಅನ್ನೋ ಬೇಜಾರಿಗೆ. 1993ರ ಜನವರಿಯಲ್ಲಿ ಬಂದ ಇಂಟರ್‌ನೆಟ್ ಬಳಕೆದಾರರ ಪದಕೋಶ, ಅಂದ್ರೆ ಆರ್‌ಎಫ್‌ಸಿ 1392, ಎರಡನ್ನೂ ಬೇರೆ ಬೇರೆ ಇಟ್ಟು ಅರ್ಥ ಕೊಡತ್ತೆ. ಹ್ಯಾಕರ್ ಅಂದ್ರೆ ಕಂಪ್ಯೂಟರು, ನೆಟ್‌ವರ್ಕುಗಳ ಒಳಗುಟ್ಟು ತಿಳ್ಕೊಳ್ಳೋದ್ರಲ್ಲಿ ಖುಷಿ ಪಡೋ ಮನುಷ್ಯ, ಕ್ರ್ಯಾಕರ್ ಅಂದ್ರೆ ಅನುಮತಿ ಇಲ್ದೆ ಒಳಗೆ ಹೋಗೋಕೆ ನೋಡೋನು, ಸುಮಾರಾಗಿ ಹೀಗೆ.

ನಾನು ಇಟ್ಕೊಂಡಿರೋ ಅಳತೆಗೋಲು ಒಂದೇ: ಆ ಸಿಸ್ಟಮ್ ಯಾರದ್ದೋ ಅವರು ಹೂಂ ಅಂದಿದ್ರಾ ಇಲ್ವಾ? ಬಳಸಿದ ಟೂಲು ಅದೇ ಇರಬಹುದು, ಟೈಪ್ ಮಾಡಿದ ಕಮಾಂಡು ಅದೇ ಇರಬಹುದು, ಇಬ್ಬರ ಜಾಣತನಾನೂ ಅಷ್ಟೇ ಇರಬಹುದು. ಅನುಮತಿ ಒಂದೇ ವ್ಯತ್ಯಾಸ.

ಹ್ಯಾಕ್ ಅನ್ನೋ ಮಾತು ಕಂಪ್ಯೂಟರಿಗೆ ಬಂದಿದ್ದು ಎಲ್ಲಿಂದ?

ಅಮೆರಿಕದ ಎಂಐಟಿಯಲ್ಲಿ ಆಟಿಕೆ ರೈಲು ಓಡಿಸೋ ವಿದ್ಯಾರ್ಥಿಗಳ ಕ್ಲಬ್ ಒಂದಿತ್ತು, ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ ಅಂತ, ಅಲ್ಲಿಂದ. ರೈಲಿಗಿಂತ ಹೆಚ್ಚಾಗಿ ಹಳಿ ಕೆಳಗಿನ ವೈರು, ರಿಲೇಗಳ ಹುಚ್ಚು ಹಿಡಿದವರು ಆ ಕ್ಲಬ್ಬಲ್ಲಿ ಇದ್ರು. 1955ರ ಏಪ್ರಿಲ್ ತಿಂಗಳ ಅವರ ಮೀಟಿಂಗ್ ನಡಾವಳಿಯಲ್ಲಿ ಒಂದು ಸಾಲು ಇದೆ, ಎಲೆಕ್ಟ್ರಿಕಲ್ ಸಿಸ್ಟಮ್ ಮೇಲೆ ಕೆಲಸ ಮಾಡೋರು ಅಥವಾ ಹ್ಯಾಕ್ ಮಾಡೋರು ಫ್ಯೂಸ್ ಹೋಗದ ಹಾಗೆ ಮೊದಲು ಪವರ್ ಆಫ್ ಮಾಡಿ ಅಂತ ಒಬ್ಬ ಸದಸ್ಯ ಕೇಳ್ಕೊಂಡಿದ್ದು. ಇದೇ ಗುಂಪಿನ ಹುಡುಗರು ಆಮೇಲೆ ಟಿಎಕ್ಸ್-0, ಪಿಡಿಪಿ-1 ಕಂಪ್ಯೂಟರುಗಳ ಮುಂದೆ ರಾತ್ರಿ ಕಳೆದ್ರು, 1962ರಲ್ಲಿ ಅಲ್ಲೇ ಸ್ಪೇಸ್‌ವಾರ್ ಅನ್ನೋ ಗೇಮ್ ಹುಟ್ಟಿದ್ದು. ಜಾಣತನದಿಂದ ಮಾಡಿದ ಕೆಲಸಕ್ಕೆ ಹ್ಯಾಕ್, ಮಾಡಿದೋನು ಹ್ಯಾಕರ್. ಹಾಗೆ ಕರೆಸ್ಕೊಳ್ಳೋದು ಮರ್ಯಾದೆಯಾಗಿತ್ತು.

ಮರ್ಯಾದೆಯ ಪದ ಆಗಿದ್ದು ಬೈಗುಳ ಆಗಿದ್ದು ಹೇಗೆ?

ನಿಧಾನವಾಗಿ ಶುರುವಾಗಿ 1983ರಲ್ಲಿ ಒಂದೇ ಸಲ ಆಯ್ತು. ಅದಕ್ಕೂ ಮೊದಲೇ ಟೆಲಿಫೋನ್ ಜೊತೆ ಆಟ ಆಡೋ ಫ್ರೀಕರ್‌ಗಳು ಇದ್ರು. ಅಮೆರಿಕದ ದೂರದ ಕರೆಗಳ ಲೈನು ಖಾಲಿ ಇದೆ ಅಂತ ಎಕ್ಸ್‌ಚೇಂಜಿಗೆ ತಿಳಿಸೋಕೆ 2600 ಹರ್ಟ್ಸ್ ಶಬ್ದ ಬಳಸ್ತಿದ್ರು, ಸಿಗ್ನಲ್ಲು ಮಾತು ಎರಡೂ ಒಂದೇ ಲೈನಲ್ಲಿ ಹೋಗ್ತಿತ್ತು. ಹಾಗಾಗಿ ಅದೇ ಶಬ್ದಾನ ಹೊರಗಿಂದ ಹಾಕಿದ್ರೆ ಎಕ್ಸ್‌ಚೇಂಜ್ ನಂಬಿಬಿಡ್ತಿತ್ತು. ತಿಂಡಿ ಡಬ್ಬದ ಜೊತೆ ಫ್ರೀ ಬರ್ತಿದ್ದ ಆಟಿಕೆ ಪೀಪಿಯಲ್ಲೂ ಆ ಸ್ವರ ಬರ್ತಿತ್ತು.

1983ರಲ್ಲಿ ಮಿಲ್ವಾಕೀ ಊರಿನ ಹುಡುಗರ ಗುಂಪು ಸಿಕ್ಕಿಬಿತ್ತು, ತಮ್ಮ ಏರಿಯಾ ಕೋಡ್ ಹೆಸರಲ್ಲೇ 414 ಅಂತ ಕರ್ಕೊಳ್ತಿದ್ದವರು. ಲಾಸ್ ಅಲಮೋಸ್ ಪ್ರಯೋಗಾಲಯ, ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯ ಕಂಪ್ಯೂಟರ್‌ಗಳಿಗೆಲ್ಲ ಮೋಡೆಮ್ ಇಟ್ಕೊಂಡು ಹೋಗಿದ್ರು, ಹೆಚ್ಚಿನ ಕಡೆ ಫ್ಯಾಕ್ಟರಿಯಿಂದ ಬಂದ ಪಾಸ್‌ವರ್ಡನ್ನ ಯಾರೂ ಬದಲಾಯಿಸಿರಲಿಲ್ಲ, ಅಷ್ಟೇ ಸಾಕಾಯ್ತು. ಪತ್ರಿಕೆಗಳು ಅವರನ್ನ ಹ್ಯಾಕರ್‌ಗಳು ಅಂತ ಬರೆದ್ವು, ಜನರ ತಲೆಯಲ್ಲಿ ಅದೇ ಕೂತ್ಕೊಂಡ್ತು. ಪಾಸ್‌ವರ್ಡ್ ಬದಲಾಯಿಸದೆ ಬಿಟ್ಟವರ ಬಗ್ಗೆ ಯಾರೂ ಹೊಸ ಪದ ಹುಟ್ಟಿಸಲಿಲ್ಲ, ಇದು ನನಗೆ ಇವತ್ತಿಗೂ ಅನ್ಯಾಯ ಅನ್ಸತ್ತೆ.

ವೈಟ್ ಹ್ಯಾಟ್, ಬ್ಲ್ಯಾಕ್ ಹ್ಯಾಟ್, ಗ್ರೇ ಹ್ಯಾಟ್ ಇದೆಲ್ಲ ಏನು?

ಅನುಮತಿ ತಗೊಂಡು ತಪ್ಪು ಹುಡುಕಿ ಹೇಳೋರು ವೈಟ್ ಹ್ಯಾಟ್. ಸ್ವಂತ ಲಾಭಕ್ಕೋ ಹಾಳು ಮಾಡೋಕೋ ನುಗ್ಗೋರು ಬ್ಲ್ಯಾಕ್ ಹ್ಯಾಟ್. ಕೇಳದೆ ಒಳಗೆ ಹೋಗಿ ಆಮೇಲೆ ನಿಮ್ಮಲ್ಲಿ ಹೀಗೊಂದು ತೂತಿದೆ ಅಂತ ಹೇಳೋರು ಗ್ರೇ ಹ್ಯಾಟ್, ಅವರ ಉದ್ದೇಶ ಒಳ್ಳೇದೇ ಇದ್ರೂ ಕಾನೂನು ಅವರನ್ನ ಕಾಪಾಡಲ್ಲ. ಎಥಿಕಲ್ ಹ್ಯಾಕರ್, ಪೆನ್ ಟೆಸ್ಟರ್ ಅನ್ನೋದು ವೈಟ್ ಹ್ಯಾಟ್ ಕೆಲಸದ ಹೆಸರುಗಳು. ದೊಡ್ಡ ಕಂಪನಿಗಳಲ್ಲಿ ದಾಳಿ ಮಾಡಿ ಪರೀಕ್ಷೆ ಮಾಡೋ ತಂಡಕ್ಕೆ ರೆಡ್ ಟೀಮ್, ತಡೆಯೋ ತಂಡಕ್ಕೆ ಬ್ಲೂ ಟೀಮ್ ಅಂತಾರೆ.

ಸ್ಕ್ರಿಪ್ಟ್ ಕಿಡ್ಡಿ ಅಂತ ಬೈತಾರಲ್ಲ, ಯಾರಿಗೆ?

ಬೇರೆಯವರು ಬರೆದಿಟ್ಟ ಟೂಲನ್ನ ಡೌನ್‌ಲೋಡ್ ಮಾಡಿ, ಒಳಗೇನು ನಡೀತಿದೆ ಅಂತ ಗೊತ್ತಿಲ್ದೆ ಓಡಿಸೋರಿಗೆ. ವಯಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಕಲಿಯೋ ಹಂತದಲ್ಲಿ ಎಲ್ಲರೂ ಬೇರೆಯವರ ಟೂಲೇ ಬಳಸೋದು, ಅದು ತಪ್ಪಲ್ಲ, ಅದರೊಳಗೆ ಏನಿದೆ ಅಂತ ತೆಗೆದು ನೋಡೋ ಆಸೆ ಇಲ್ದಿದ್ರೆ ಮಾತ್ರ ಈ ಹೆಸರು.

## ದಿನಾ ಎದುರಾಗೋ ವಿಷಯ

ನನ್ನ ಅಕೌಂಟ್ ಹ್ಯಾಕ್ ಆಗಿದೆ! ಯಾರೋ ದೊಡ್ಡ ಹ್ಯಾಕರ್ ನನ್ನ ಹಿಂದೆ ಬಿದ್ದಿದ್ದಾನಾ?

ಬಹುಶಃ ಇಲ್ಲ. ಇಂಥ ಹೆಚ್ಚಿನ ಕೇಸುಗಳಲ್ಲಿ ಯಾರೂ ನಿಮ್ಮನ್ನೇ ಅಂತ ಆರಿಸ್ಕೊಂಡಿರಲ್ಲ. ಬೇರೆ ಯಾವುದೋ ಸೈಟಿಂದ ಪಾಸ್‌ವರ್ಡುಗಳು ಸೋರಿ ಹೋಗಿರ್ತಾವೆ, ನೀವು ಅಲ್ಲೂ ಇಲ್ಲೂ ಒಂದೇ ಪಾಸ್‌ವರ್ಡ್ ಇಟ್ಟಿರ್ತೀರಿ, ಯಾರದ್ದೋ ಪ್ರೋಗ್ರಾಮು ಲಕ್ಷಗಟ್ಟಲೆ ಹೆಸರು-ಪಾಸ್‌ವರ್ಡ್ ಜೋಡೀನ ಎಲ್ಲಾ ಕಡೆ ಹಾಕಿ ನೋಡ್ತಾ ಹೋಗತ್ತೆ. ಇಲ್ಲಾಂದ್ರೆ ನೀವೇ ಯಾವುದೋ ನಕಲಿ ಲಾಗಿನ್ ಪೇಜಲ್ಲಿ ಟೈಪ್ ಮಾಡಿರ್ತೀರಿ. ಇನ್ನು ನಿಮ್ಮ ಹೆಸರು ಫೋಟೋ ಹಾಕಿ ಯಾರೋ ಹೊಸ ಅಕೌಂಟ್ ಮಾಡಿ ಸ್ನೇಹಿತರ ಹತ್ರ ದುಡ್ಡು ಕೇಳ್ತಿದ್ರೆ ಅದು ಹ್ಯಾಕ್ ಕೂಡ ಅಲ್ಲ, ನಿಮ್ಮ ಅಕೌಂಟು ನಿಮ್ಮ ಹತ್ರಾನೇ ಇದೆ, ಆ ನಕಲಿಯನ್ನ ರಿಪೋರ್ಟ್ ಮಾಡಿ ತೆಗೆಸಬೇಕು.

ನಿಜವಾಗ್ಲೂ ಹೋಗಿದ್ರೆ ಮೊದಲು ಇಮೇಲ್ ಭದ್ರ ಮಾಡ್ಕೊಳ್ಳಿ, ಯಾಕಂದ್ರೆ ಉಳಿದೆಲ್ಲ ಅಕೌಂಟಿನ ಪಾಸ್‌ವರ್ಡ್ ರೀಸೆಟ್ ಅಲ್ಲಿಗೇ ಬರೋದು. ಪಾಸ್‌ವರ್ಡ್ ಬದಲಾಯಿಸಿ, ಎಲ್ಲಾ ಡಿವೈಸಿಂದಲೂ ಲಾಗೌಟ್ ಮಾಡಿ ಅನ್ನೋ ಆಯ್ಕೆ ಒತ್ತಿ. ಅದು ಬಹಳ ಜನ ಮರೆತುಬಿಡೋ ಹೆಜ್ಜೆ, ಒಳಗೆ ಕೂತಿರೋನು ಹಳೇ ಸೆಷನಲ್ಲಿ ಹಾಗೇ ಇದ್ದುಬಿಡಬಹುದು. ಆಮೇಲೆ ಮೇಲ್ ಫಾರ್ವರ್ಡಿಂಗ್ ಸೆಟ್ಟಿಂಗ್ ತೆಗೆದು ನೋಡಿ, ನಿಮ್ಮ ಮೇಲ್ ಬೇರೆ ಅಡ್ರೆಸ್ಸಿಗೆ ಹೋಗ್ತಿದ್ಯಾ ಅಂತ.

ಪಾಸ್‌ವರ್ಡ್ ಕ್ರ್ಯಾಕ್ ಮಾಡೋರು ಲಾಗಿನ್ ಪೇಜಲ್ಲಿ ಕೂತು ಒಂದೊಂದೇ ಟೈಪ್ ಮಾಡ್ತಾರಾ? ಮೂರು ಸಲ ತಪ್ಪಾದ್ರೆ ಲಾಕ್ ಆಗಲ್ವಾ?

ಲಾಕ್ ಆಗತ್ತೆ, ಅದಕ್ಕೇ ಅಲ್ಲಿ ಮಾಡಲ್ಲ. ಸರ್ವರಿಂದ ಪಾಸ್‌ವರ್ಡುಗಳ ಡೇಟಾಬೇಸ್ ಕದ್ದು ತಮ್ಮ ಮಷಿನ್ನಿಗೆ ತಂದ್ಕೊಂಡು ಅಲ್ಲಿ ಆರಾಮಾಗಿ ಒಡೀತಾರೆ, ಅಲ್ಲಿ ಲಾಕ್ ಮಾಡೋರು ಯಾರೂ ಇಲ್ಲ.

ಸರಿಯಾಗಿ ಕಟ್ಟಿದ ಸೈಟು ನಿಮ್ಮ ಪಾಸ್‌ವರ್ಡನ್ನ ಹಾಗೇ ಇಟ್ಕೊಂಡಿರಲ್ಲ. ಅದನ್ನ ಹ್ಯಾಶ್ ಫಂಕ್ಷನ್ ಅನ್ನೋ ಲೆಕ್ಕಕ್ಕೆ ಹಾಕಿ ಬಂದ ಉತ್ತರ ಮಾತ್ರ ಇಟ್ಕೊಂಡಿರತ್ತೆ. ಬೀಸಿದ ಹಿಟ್ಟಿಂದ ಮತ್ತೆ ಕಾಳು ಮಾಡೋಕಾಗಲ್ವಲ್ಲ, ಹಾಗೆ ಹ್ಯಾಶಿಂದ ಪಾಸ್‌ವರ್ಡಿಗೆ ವಾಪಸ್ ಹೋಗೋ ದಾರಿ ಇಲ್ಲ. ಹಾಗಾಗಿ ಕ್ರ್ಯಾಕ್ ಮಾಡೋನು ಊಹೆ ಮಾಡ್ಬೇಕು: ಒಂದು ಪದ ತಗೊಂಡು, ಅದನ್ನ ಅದೇ ಲೆಕ್ಕಕ್ಕೆ ಹಾಕಿ, ಬಂದ ಉತ್ತರ ಕದ್ದ ಪಟ್ಟಿಯಲ್ಲಿ ಇದ್ಯಾ ಅಂತ ನೋಡ್ಬೇಕು, ಇಲ್ದಿದ್ರೆ ಮುಂದಿನ ಪದ. ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳ ಪಾಸ್‌ವರ್ಡು ಅಂದ್ರೆ ಎಂಟು 26ಗಳನ್ನ ಒಂದಕ್ಕೊಂದು ಗುಣಿಸಿದಷ್ಟು, ಸುಮಾರು 20,882 ಕೋಟಿ ಸಾಧ್ಯತೆ. ಕೇಳೋಕೆ ದೊಡ್ಡದು, ಆದ್ರೆ ಎಂಡಿ5 ಥರದ ಹಳೇ ಹ್ಯಾಶ್ ಆಗಿದ್ರೆ ಇವತ್ತಿನ ಒಂದು ಒಳ್ಳೆ ಗ್ರಾಫಿಕ್ಸ್ ಕಾರ್ಡಿಗೆ ಅದು ಸೆಕೆಂಡುಗಳ ಕೆಲಸ. ಅದೇ ಇನ್ನು ನಾಲ್ಕು ಅಕ್ಷರ ಜಾಸ್ತಿ ಇದ್ರೆ ಕೆಲಸ 4,56,976 ಪಟ್ಟು ಹೆಚ್ಚಾಗತ್ತೆ.

ನಿಜದಲ್ಲಿ ಅಷ್ಟೂ ಸಾಧ್ಯತೆ ಹಾಕಿ ನೋಡೋ ಪ್ರಮೇಯವೇ ಬರೋದು ಕಡಿಮೆ, ಯಾಕಂದ್ರೆ ಮನುಷ್ಯರು ಏನೇನು ಪಾಸ್‌ವರ್ಡ್ ಇಡ್ತಾರೆ ಅಂತ ಅವರಿಗೆ ಗೊತ್ತಿದೆ. 2009ರಲ್ಲಿ ರಾಕ್‌ಯೂ ಅನ್ನೋ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಸೋರಿತು, ಹ್ಯಾಶ್ ಕೂಡ ಮಾಡದೆ ಹಾಗೇ ಇಟ್ಟಿದ್ರು, ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಇಟ್ಕೊಂಡಿದ್ದು 123456. ಆ ಪಟ್ಟಿ ಇವತ್ತಿಗೂ ಎಲ್ಲರ ಹತ್ರ ಇದೆ, ಮೊದಲು ಹಾಕಿ ನೋಡೋದೇ ಅದನ್ನ. ಒಳ್ಳೆಯವರೂ ಅದನ್ನೇ ಬಳಸ್ತಾರೆ, ತಮ್ಮ ಕಂಪನಿಯವರ ಪಾಸ್‌ವರ್ಡ್ ಎಷ್ಟು ಗಟ್ಟಿ ಇದೆ ಅಂತ ನೋಡೋಕೆ.

ಸೈಟ್ ನಡೆಸೋರು ಇದಕ್ಕೆ ಎರಡು ಮದ್ದು ಮಾಡಬಹುದು. ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆ ಒಂದಷ್ಟು ಅಕ್ಷರ ಸೇರಿಸಿ ಹ್ಯಾಶ್ ಮಾಡೋದು, ಅದಕ್ಕೆ ಸಾಲ್ಟ್ ಅಂತಾರೆ, ಹಾಗೆ ಮಾಡಿದ್ರೆ ಒಂದೇ ಪಾಸ್‌ವರ್ಡ್ ಇಟ್ಟ ಇಬ್ಬರ ಹ್ಯಾಶೂ ಬೇರೆ ಬರತ್ತೆ, ಮೊದಲೇ ಲೆಕ್ಕ ಮಾಡಿಟ್ಟ ಟೇಬಲ್ಲುಗಳು ಕೆಲಸಕ್ಕೆ ಬರಲ್ಲ. ಇನ್ನೊಂದು, ಬೇಕು ಅಂತಲೇ ನಿಧಾನ ಇರೋ ಬಿಕ್ರಿಪ್ಟ್, ಆರ್ಗಾನ್2 ಥರದ ಹ್ಯಾಶ್ ಬಳಸೋದು. ನಿಮಗೆ ಲಾಗಿನ್ ಆಗೋವಾಗ ಅರೆಗಳಿಗೆ ತಡ ಆಗಿದ್ದು ಗೊತ್ತೂ ಆಗಲ್ಲ, ಕೋಟಿಗಟ್ಟಲೆ ಊಹೆ ಮಾಡೋನಿಗೆ ಅದೇ ವರ್ಷಗಟ್ಟಲೆ ಆಗಿಬಿಡತ್ತೆ.

ಹಾಗಾದ್ರೆ ಎಂಥ ಪಾಸ್‌ವರ್ಡ್ ಇಡ್ಬೇಕು? ತಿಂಗಳಿಗೊಂದ್ಸಲ ಬದಲಾಯಿಸ್ಬೇಕಾ?

ಉದ್ದ ಇರ್ಲಿ, ಪ್ರತಿ ಸೈಟಿಗೂ ಬೇರೆ ಇರ್ಲಿ, ನೆನಪಿಟ್ಕೊಳ್ಳೋಕೆ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಸುಮ್ ಸುಮ್ನೆ ತಿಂಗಳಿಗೊಮ್ಮೆ ಬದಲಾಯಿಸೋದು ಬೇಡ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಕೂಡ 2017ರಲ್ಲಿ ತನ್ನ ಮಾರ್ಗಸೂಚಿಯಲ್ಲಿ ಕಾರಣ ಇಲ್ದೆ ಬದಲಾಯಿಸೋಕೆ ಒತ್ತಾಯ ಮಾಡಬೇಡಿ ಅಂದಿದೆ, ಯಾಕಂದ್ರೆ ಜನ ಕೊನೇ ನಂಬರ್ ಒಂದನ್ನ ಎರಡು ಮಾಡಿ ಮುಗಿಸ್ತಾರೆ. ಸೋರಿದೆ ಅಂತ ಗೊತ್ತಾದ ದಿನ ಮಾತ್ರ ತಕ್ಷಣ ಬದಲಾಯಿಸಿ.

ಓಟಿಪಿ ಇದ್ರೂ ಅಕೌಂಟ್ ಹೋಗತ್ತೆ ಅಂತಾರೆ, ಹೇಗೆ ಸಾಧ್ಯ?

ಓಟಿಪಿಯನ್ನ ಒಡೆಯೋ ಅಗತ್ಯ ಇಲ್ಲ, ನಿಮ್ಮ ಕೈಯಿಂದಲೇ ಇಸ್ಕೊಂಡ್ರೆ ಆಯ್ತು. ನಕಲಿ ಲಾಗಿನ್ ಪೇಜಲ್ಲಿ ನೀವು ಹಾಕಿದ ಪಾಸ್‌ವರ್ಡು ಅದೇ ಕ್ಷಣ ಅಸಲಿ ಸೈಟಿಗೆ ಹೋಗತ್ತೆ, ಅಸಲಿ ಸೈಟು ನಿಮಗೆ ಅಸಲಿ ಓಟಿಪಿ ಕಳಿಸತ್ತೆ, ನೀವು ಅದನ್ನೂ ನಕಲಿ ಪೇಜಲ್ಲಿ ಹಾಕ್ತೀರಿ, ಕೆಲಸ ಮುಗೀತು. ಇನ್ನೊಂದು ದಾರಿ ಸಿಮ್ ಸ್ವಾಪ್, ಮೊಬೈಲ್ ಕಂಪನಿಯವರನ್ನ ಏಮಾರಿಸಿ ನಿಮ್ಮ ನಂಬರಿಗೆ ಹೊಸ ಸಿಮ್ ತಗೊಳ್ಳೋದು. ಮನುಷ್ಯರನ್ನ ನಂಬಿಸಿ ಕೆಲಸ ಮಾಡಿಸ್ಕೊಳ್ಳೋ ಈ ಕಲೆಗೆ ಸೋಶಿಯಲ್ ಎಂಜಿನಿಯರಿಂಗ್ ಅಂತಾರೆ. 1995ರಲ್ಲಿ ಎಫ್‌ಬಿಐ ಕೈಗೆ ಸಿಕ್ಕ ಕೆವಿನ್ ಮಿಟ್ನಿಕ್ ಹೆಸರು ಮಾಡಿದ್ದು ಕೀಬೋರ್ಡಿನ ಮೇಲೆಷ್ಟೋ ಫೋನಲ್ಲಿ ಮಾತಾಡಿಯೂ ಅಷ್ಟೇ.

ಇದಕ್ಕೆ ಸದ್ಯಕ್ಕಿರೋ ಗಟ್ಟಿ ಉತ್ತರ ಪಾಸ್‌ಕೀ. ಅದು ಸೈಟಿನ ಅಸಲಿ ಅಡ್ರೆಸ್ಸಿಗೇ ಕಟ್ಟಿಹಾಕಿರೋ ಕೀ, ಅಡ್ರೆಸ್ಸಲ್ಲಿ ಒಂದಕ್ಷರ ಬೇರೆ ಇದ್ರೂ ನಿಮ್ಮ ಫೋನು ಉತ್ತರ ಕೊಡಲ್ಲ, ನೀವು ಮೋಸ ಹೋದ್ರೂ ಅದು ಹೋಗಲ್ಲ. ಎಲ್ಲಿ ಸಿಗತ್ತೋ ಅಲ್ಲಿ ಹಾಕ್ಕೊಳ್ಳಿ.

ಕ್ರ್ಯಾಕ್ಡ್ ಸಾಫ್ಟ್‌ವೇರ್ ಹಾಕ್ಕೊಂಡ್ರೆ ಏನಾಗತ್ತೆ? ಎಲ್ಲರೂ ಹಾಕ್ಕೊಳ್ತಾರಲ್ಲ

ಮೊದಲು ಅದು ಏನು ಅಂತ ನೋಡಿ. ಸಾಫ್ಟ್‌ವೇರ್ ಒಳಗೆ ಎಲ್ಲೋ ಒಂದು ಕಡೆ, ಲೈಸೆನ್ಸ್ ಸರಿ ಇದ್ರೆ ಮುಂದೆ ಹೋಗು ಇಲ್ದಿದ್ರೆ ನಿಲ್ಲು ಅನ್ನೋ ತೀರ್ಮಾನ ಇರತ್ತೆ. ಮಷಿನ್ ಕೋಡಲ್ಲಿ ಅದೊಂದು ಜಂಪ್ ಸೂಚನೆ. ಕ್ರ್ಯಾಕ್ ಮಾಡೋನು ಡಿಬಗ್ಗರಲ್ಲಿ, ಅಂದ್ರೆ ಪ್ರೋಗ್ರಾಮನ್ನ ಹೆಜ್ಜೆ ಹೆಜ್ಜೆಯಾಗಿ ಓಡಿಸಿ ನೋಡೋ ಟೂಲಲ್ಲಿ, ಆ ಜಾಗ ಹುಡುಕಿ ಒಂದೆರಡು ಬೈಟ್ ತಿದ್ದಿ, ಲೈಸೆನ್ಸ್ ಹೇಗಿದ್ರೂ ಮುಂದೆ ಹೋಗೋ ಹಾಗೆ ಮಾಡ್ತಾನೆ. ಕೀಜೆನ್ ಅಂದ್ರೆ ಸರಿಯಾದ ಸೀರಿಯಲ್ ನಂಬರನ್ನ ಲೆಕ್ಕ ಹಾಕಿ ಕೊಡೋ ಪುಟ್ಟ ಪ್ರೋಗ್ರಾಮ್.

ಈಗ ನಿಮ್ಮ ಕಡೆಯಿಂದ ಯೋಚಿಸಿ. ಯಾರೋ ಗುರುತಿಲ್ಲದವರು ತಿದ್ದಿದ ಫೈಲನ್ನ ನೀವು ಆಂಟಿವೈರಸ್ ಆಫ್ ಮಾಡಿ, ಅಡ್ಮಿನ್ ಅಧಿಕಾರ ಕೊಟ್ಟು ಓಡಿಸ್ತಿದೀರಿ. ಹಾಗೆ ಮಾಡಿ ಅಂತ ಆ ಕ್ರ್ಯಾಕ್ ಜೊತೆ ಬರೋ ಸೂಚನೆಯಲ್ಲೇ ಬರೆದಿರತ್ತೆ. ಬ್ರೌಸರಲ್ಲಿ ಸೇವ್ ಆಗಿರೋ ಪಾಸ್‌ವರ್ಡು, ಕುಕೀ ಎಲ್ಲ ಗುಡಿಸ್ಕೊಂಡು ಹೋಗೋ ಮಾಲ್‌ವೇರುಗಳು ಹರಡೋ ದೊಡ್ಡ ದಾರಿಗಳಲ್ಲಿ ಇದೂ ಒಂದು. ಕಾನೂನು, ಬರೆದವರ ದುಡಿಮೆ ಅದೆಲ್ಲ ಒಂದು ಕಡೆ ಇರಲಿ, ಇದೊಂದೇ ಕಾರಣ ಸಾಕು ಬೇಡ ಅನ್ನೋಕೆ. ಫ್ರೀಯಾಗಿ ಸಿಗೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಇವತ್ತು ಹೆಚ್ಚಿನ ಕೆಲಸಕ್ಕೆ ಇದೆ.

ಒಬ್ಬರ ವಾಟ್ಸಾಪ್ ಹ್ಯಾಕ್ ಮಾಡಿಕೊಡ್ತೀರಾ? ನನ್ನ ಹೆಂಡತಿಯದ್ದೇ / ಗಂಡನದ್ದೇ

ಇಲ್ಲ. ಮದುವೆ ಆಗಿದೆ ಅನ್ನೋದು ಅನುಮತಿ ಅಲ್ಲ, ಅದು ಅವರ ಫೋನು ಅವರ ಮಾತು. ಇದನ್ನ ಮಾಡಿಕೊಡ್ತೀವಿ ಅಂತ ಜಾಹೀರಾತು ಹಾಕೋರಲ್ಲಿ ಬಹುಪಾಲು ದುಡ್ಡು ತಗೊಂಡು ಮಾಯ ಆಗ್ತಾರೆ, ಆಮೇಲೆ ನೀವು ಕೇಳಿದ್ದನ್ನೇ ಹಿಡ್ಕೊಂಡು ನಿಮ್ಮನ್ನೇ ಹೆದರಿಸ್ತಾರೆ. ನಿಮ್ಮ ಫೋನಲ್ಲೇ ಯಾರಾದ್ರೂ ಏನಾದ್ರೂ ಹಾಕಿದ್ದಾರೆ ಅಂತ ಅನುಮಾನ ಇದ್ರೆ ವಾಟ್ಸಾಪಿನ ಲಿಂಕ್ಡ್ ಡಿವೈಸಸ್ ಪಟ್ಟಿ ತೆಗೆದು ಗುರುತಿಲ್ಲದ್ದನ್ನ ತೆಗೆದುಹಾಕಿ, ಯಾವ್ಯಾವ ಆ್ಯಪಿಗೆ ಆ್ಯಕ್ಸೆಸಿಬಿಲಿಟಿ ಅಧಿಕಾರ (ಸ್ಕ್ರೀನಲ್ಲಿರೋದನ್ನ ಓದೋ ಅಧಿಕಾರ) ಇದೆ ಅಂತಾನೂ ನೋಡಿ.

## ಸ್ವಲ್ಪ ಆಳಕ್ಕೆ

ವೈರಸ್, ವರ್ಮ್, ರ‍್ಯಾನ್ಸಮ್‌ವೇರ್ ಇವೆಲ್ಲ ಹ್ಯಾಕಿಂಗೇನಾ?

ಇವು ಪ್ರೋಗ್ರಾಮುಗಳು, ನುಗ್ಗಿದ ಮೇಲೆ ಅಥವಾ ನುಗ್ಗೋಕೆ ಬಳಸೋವು. ವೈರಸ್ ಇನ್ನೊಂದು ಫೈಲಿಗೆ ಅಂಟ್ಕೊಂಡು ಹರಡತ್ತೆ, ಟ್ರೋಜನ್ ಒಳ್ಳೆ ಪ್ರೋಗ್ರಾಮ್ ವೇಷದಲ್ಲಿ ಬರತ್ತೆ, ರ‍್ಯಾನ್ಸಮ್‌ವೇರ್ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳತ್ತೆ. ವರ್ಮ್ ಯಾರ ಸಹಾಯಾನೂ ಇಲ್ದೆ ತಾನೇ ಮಷಿನ್ನಿಂದ ಮಷಿನ್ನಿಗೆ ಹೋಗತ್ತೆ.

ವರ್ಮ್ ಅಂದ್ರೆ ಏನು ಅಂತ ಲೋಕಕ್ಕೆ ಗೊತ್ತಾಗಿದ್ದು 1988ರ ನವೆಂಬರ್ 2ರಂದು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಬಿಟ್ಟ ಪ್ರೋಗ್ರಾಮು ಆವತ್ತಿನ ಇಂಟರ್‌ನೆಟ್ಟಿನ ಸಾವಿರಾರು ಯುನಿಕ್ಸ್ ಕಂಪ್ಯೂಟರುಗಳನ್ನ ಮಲಗಿಸ್ತು. ಅದು ನುಗ್ಗಿದ ದಾರಿಗಳಲ್ಲಿ ಒಂದನ್ನ ಹತ್ತಿರದಿಂದ ನೋಡಿ, ತುಂಬ ಕಲಿಯೋಕಿದೆ. ಫಿಂಗರ್ ಅನ್ನೋ ಸರ್ವಿಸು ಹೊರಗಿಂದ ಒಂದು ಸಾಲು ಓದ್ಕೊಂಡು ಉತ್ತರ ಕೊಡ್ತಿತ್ತು. ಆ ಸಾಲಿಗೆ ಮೆಮೊರಿಯಲ್ಲಿ 512 ಬೈಟ್ ಜಾಗ ಇಟ್ಟಿದ್ರು, ಆದ್ರೆ ಓದೋ ಫಂಕ್ಷನ್ನು ಎಷ್ಟು ಬಂತು ಅಂತ ಅಳೀತಾನೇ ಇರಲಿಲ್ಲ. ವರ್ಮ್ 536 ಬೈಟ್ ಕಳಿಸ್ತು. ಹೆಚ್ಚಾದ 24 ಬೈಟು ಪಕ್ಕದ ಮೆಮೊರಿಗೆ ಚೆಲ್ಲಿ, ಈ ಕೆಲಸ ಮುಗಿದ ಮೇಲೆ ಪ್ರೋಗ್ರಾಮು ಎಲ್ಲಿಗೆ ವಾಪಸ್ ಹೋಗ್ಬೇಕು ಅನ್ನೋ ಅಡ್ರೆಸ್ಸನ್ನೇ ಅಳಿಸಿ ಬರೀತು, ಪ್ರೋಗ್ರಾಮು ವರ್ಮ್ ಕಳಿಸಿದ ಕೋಡಿಗೇ ಹೋಗಿ ಅದನ್ನೇ ಓಡಿಸ್ತು. ಇದಕ್ಕೇ ಬಫರ್ ಓವರ್‌ಫ್ಲೋ ಅನ್ನೋದು. ಇನ್ನೊಂದು ಎಡವಟ್ಟು ಏನಂದ್ರೆ, ಒಂದು ಮಷಿನ್ನಲ್ಲಿ ಈಗಾಗ್ಲೇ ವರ್ಮ್ ಇದ್ರೂ ಏಳು ಸಲಕ್ಕೆ ಒಂದ್ಸಲ ಮತ್ತೆ ಸೇರ್ಕೊಳ್ಳೋ ಹಾಗೆ ಬರೆದಿದ್ದು, ಅದರಿಂದಲೇ ಪ್ರತಿಗಳ ಮೇಲೆ ಪ್ರತಿ ಕೂತು ಮಷಿನ್ನುಗಳು ಉಸಿರುಗಟ್ಟಿದ್ವು. ಮೋರಿಸ್‌ಗೆ ಮೂರು ವರ್ಷದ ಪ್ರೊಬೇಷನ್, 400 ಗಂಟೆ ಸಮುದಾಯ ಸೇವೆ, ದಂಡ ಆಯ್ತು. ಆಮೇಲೆ ಎಂಐಟಿಯಲ್ಲಿ ಪ್ರೊಫೆಸರ್ ಆದರು. ಈ ಘಟನೆ ಆದ್ಮೇಲೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಂಥ ದಾಳಿಗಳನ್ನ ಎದುರಿಸೋಕೆ ಅಂತ ಸಿಇಆರ್‌ಟಿ ತಂಡ ಶುರುವಾಗಿದ್ದು.

ಝೀರೋ ಡೇ ಅಂದ್ರೆ ಏನು? ಅಪ್‌ಡೇಟ್ ಮಾಡಿ ಮಾಡಿ ಅಂತ ಯಾಕೆ ಅಷ್ಟು ಹೇಳ್ತಾರೆ?

ಸಾಫ್ಟ್‌ವೇರಲ್ಲಿರೋ ತೂತಿಗೆ ವಲ್ನರಬಿಲಿಟಿ ಅಂತಾರೆ, ಆ ತೂತನ್ನ ಬಳಸ್ಕೊಳ್ಳೋ ಕೋಡಿಗೆ ಎಕ್ಸ್‌ಪ್ಲಾಯ್ಟ್. ತಯಾರಕರಿಗೇ ಗೊತ್ತಿಲ್ಲದ, ಹಾಗಾಗಿ ಸರಿಮಾಡೋಕೆ ಒಂದು ದಿನಾನೂ ಸಿಗದ ತೂತು ಝೀರೋ ಡೇ. ಕೇಳೋಕೆ ಭಯ ಆಗತ್ತೆ, ಆದ್ರೆ ಸಾಮಾನ್ಯ ಜನಕ್ಕೆ ಏಟು ಬೀಳೋದು ಹೆಚ್ಚಾಗಿ ಪ್ಯಾಚ್ (ತೂತು ಮುಚ್ಚೋ ಅಪ್‌ಡೇಟ್) ಬಂದಾಗಿರೋ ಹಳೇ ತೂತುಗಳಿಂದ. ವನ್ನಾಕ್ರೈ ರ‍್ಯಾನ್ಸಮ್‌ವೇರ್ ನೋಡಿ, ಅದು ಲೋಕಕ್ಕೆಲ್ಲ ಹರಡಿದ್ದು 2017ರ ಮೇ 12ಕ್ಕೆ, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಅಪಾಯಿಂಟ್‌ಮೆಂಟು, ಆಪರೇಷನ್ನುಗಳು ರದ್ದಾದ್ವು. ಅದು ಬಳಸಿದ ತೂತಿಗೆ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿದ್ದು ಅದೇ ವರ್ಷ ಮಾರ್ಚ್ 14ಕ್ಕೆ. ಎರಡು ತಿಂಗಳು ಟೈಮಿತ್ತು. ಅಪ್‌ಡೇಟ್ ನಾಳೆ ಮಾಡೋಣ ಅನ್ನೋ ಬಟನ್ ಒತ್ತೋವಾಗ ಇದು ನೆನಪಿಟ್ಕೊಳ್ಳಿ.

ಓಪನ್ ಸೋರ್ಸ್ ಕೋಡ್ ಎಲ್ಲರಿಗೂ ಕಾಣತ್ತಲ್ಲ, ಅದನ್ನ ಹ್ಯಾಕ್ ಮಾಡೋದು ಸುಲಭ ಅಲ್ವಾ?

ಕಾಣೋದು ಕೆಟ್ಟವರಿಗೂ ಕಾಣತ್ತೆ ಒಳ್ಳೆಯವರಿಗೂ ಕಾಣತ್ತೆ. ಆದ್ರೆ ಕಾಣೋದು ಬೇರೆ, ಯಾರಾದ್ರೂ ಕೂತು ನೋಡೋದು ಬೇರೆ. 2014ರಲ್ಲಿ ಗೊತ್ತಾದ ಹಾರ್ಟ್‌ಬ್ಲೀಡ್ ಅನ್ನೋ ತೂತು ಸೈಟುಗಳ ಎನ್‌ಕ್ರಿಪ್ಷನ್ ನೋಡ್ಕೊಳ್ಳೋ ಓಪನ್‌ಎಸ್‌ಎಸ್‌ಎಲ್ ಅನ್ನೋ ಲೈಬ್ರರಿ ಒಳಗೆ ಎರಡು ವರ್ಷ ಎಲ್ಲರ ಕಣ್ಣೆದುರೇ ಇತ್ತು.

ಇನ್ನೊಂದು ಕಡೆ 2024ರ ಎಕ್ಸ್‌ಝೆಡ್ ಕಥೆ. ಫೈಲ್ ಕುಗ್ಗಿಸೋ ಪುಟ್ಟ ಲೈಬ್ರರಿ ಅದು, ಲಿನಕ್ಸ್ ಇರೋ ಕಡೆಯೆಲ್ಲ ಇರತ್ತೆ, ನೋಡ್ಕೊಳ್ತಿದ್ದಿದ್ದು ಸುಸ್ತಾಗಿದ್ದ ಒಬ್ಬರೇ ಒಬ್ಬರು. ಜಿಯಾ ಟಾನ್ ಅನ್ನೋ ಹೆಸರಿನ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೊಳ್ಳೆ ಪ್ಯಾಚ್ ಕಳಿಸಿ ನಂಬಿಕೆ ಗಳಿಸಿ, ಅಧಿಕಾರ ತಗೊಂಡು, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕದ್ದು ಒಳಗೆ ಬರೋ ಹಿಂಬಾಗಿಲು ಇಟ್ರು. ಆಂಡ್ರೆಸ್ ಫ್ರೂಂಡ್ ಅನ್ನೋ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್ ಬೇರೆ ಏನೋ ಅಳೀತಾ ಇದ್ದಾಗ ಎಸ್‌ಎಸ್‌ಎಚ್ ಲಾಗಿನ್ನಿಗೆ, ಅಂದ್ರೆ ದೂರದ ಮಷಿನ್ನಿಗೆ ಲಾಗಿನ್ ಆಗೋಕೆ, ಅರ್ಧ ಸೆಕೆಂಡ್ ಹೆಚ್ಚು ಹಿಡೀತಿದೆ ಅಂತ ಗಮನಿಸಿದ್ರು. ಅರ್ಧ ಸೆಕೆಂಡು! ಬೇರೆ ಯಾರಾದ್ರೂ ಬಿಟ್ಟುಬಿಡ್ತಿದ್ರು, ಇವರು ಬಿಡದೆ ಕೆದಕಿ ಕೆದಕಿ ಮಾರ್ಚ್ 29ಕ್ಕೆ ಎಲ್ಲರಿಗೂ ತಿಳಿಸಿದ್ರು, ದೊಡ್ಡ ಲಿನಕ್ಸ್ ಆವೃತ್ತಿಗಳಿಗೆ ಅದು ಪೂರ್ತಿ ಸೇರೋದು ತಪ್ತು. ಹ್ಯಾಕರ್ ಅನ್ನೋ ಪದದ ಹಳೇ ಅರ್ಥಕ್ಕೆ ಯಾರಾದ್ರೂ ಉದಾಹರಣೆ ಕೇಳಿದ್ರೆ ನಾನು ಇವರ ಹೆಸರೇ ಹೇಳೋದು. ಕೋಡ್ ಮುಚ್ಚಿಟ್ಟಿದ್ದಿದ್ರೆ ಅನುಮಾನ ಬಂದ್ರೂ ಅವರು ಒಳಗೆ ಹೋಗಿ ನೋಡೋಕೆ ಆಗ್ತಿರಲಿಲ್ಲ.

ನಾನು ಏನೂ ಕದಿಯಲಿಲ್ಲ, ಸುಮ್ನೆ ಒಳಗೆ ಹೋಗಿ ನೋಡಿ ಬಂದೆ. ಅದೂ ತಪ್ಪಾ?

ಹೆಚ್ಚಿನ ದೇಶಗಳಲ್ಲಿ ತಪ್ಪು. ಬ್ರಿಟನ್ನಲ್ಲಿ 1980ರ ದಶಕದಲ್ಲಿ ಇಬ್ಬರು ಪ್ರೆಸ್ಟೆಲ್ ಅನ್ನೋ, ಫೋನ್ ಲೈನಲ್ಲಿ ಮಾಹಿತಿ ಕೊಡೋ ಸೇವೆಗೆ ನುಗ್ಗಿ ರಾಜಕುಮಾರ ಫಿಲಿಪ್ ಅವರ ಮೇಲ್‌ಬಾಕ್ಸ್ ತನಕ ಹೋಗಿದ್ರು, ಆಗ ಇದಕ್ಕೆ ಕಾನೂನೇ ಇರಲಿಲ್ಲ, ಫೋರ್ಜರಿ ಕಾನೂನಲ್ಲಿ ಹಾಕಿದ ಕೇಸು 1988ರಲ್ಲಿ ಮೇಲಿನ ನ್ಯಾಯಾಲಯದಲ್ಲಿ ಬಿದ್ದುಹೋಯ್ತು. ಅದಾದ್ಮೇಲೆ ಬಂದಿದ್ದು 1990ರ ಕಂಪ್ಯೂಟರ್ ಮಿಸ್‌ಯೂಸ್ ಆ್ಯಕ್ಟ್, ಅದರ ಮೊದಲನೇ ಸೆಕ್ಷನ್ನೇ ಅನುಮತಿ ಇಲ್ದೆ ಒಳಗೆ ಹೋಗೋದು. ಅಮೆರಿಕದ 1986ರ ಕಾನೂನೂ ಅನುಮತಿ ಮೇಲೇ ನಿಂತಿದೆ. ಭಾರತದ 2000ದ ಐಟಿ ಕಾಯ್ದೆಯ 66ನೇ ಸೆಕ್ಷನ್ನಿಗೆ ಮೊದಲು ಶೀರ್ಷಿಕೆಯಲ್ಲೇ ಹ್ಯಾಕಿಂಗ್ ಅಂತಿತ್ತು, 2008ರ ತಿದ್ದುಪಡಿಯಲ್ಲಿ ಅದನ್ನ ತೆಗೆದು ಕಂಪ್ಯೂಟರ್ ಸಂಬಂಧಿ ಅಪರಾಧಗಳು ಅಂತ ಮಾಡಿದ್ರು, ಮಾಲೀಕರ ಅನುಮತಿ ಇತ್ತಾ ಇಲ್ವಾ ಅನ್ನೋದೇ ಈಗ ಪ್ರಶ್ನೆ. ಒಳ್ಳೇ ತಿದ್ದುಪಡಿ ಅದು.

ಒಂದು ಸೈಟಲ್ಲಿ ತೂತು ಕಣ್ಣಿಗೆ ಬಿತ್ತು, ಯಾರಿಗೆ ಹೇಳ್ಲಿ? ಹೇಳಿದ್ರೆ ನನ್ನ ಮೇಲೇ ಕೇಸ್ ಹಾಕಲ್ವಾ?

ಭಯ ಸಹಜ. ಕಂಡಲ್ಲಿಗೆ ನಿಲ್ಲಿಸಿ, ತೂತು ಇದೆ ಅಂತ ತೋರಿಸೋಕೆ ಬೇಕಾದಷ್ಟಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಡಿ, ಬೇರೆಯವರ ಡೇಟಾ ಇಳಿಸ್ಕೋಬೇಡಿ. ಆ ಸಂಸ್ಥೆಗೆ ಬಗ್ ಬೌಂಟಿ (ತೂತು ಹುಡುಕಿ ಹೇಳಿದವರಿಗೆ ಬಹುಮಾನ) ಅಥವಾ ತೂತು ತಿಳಿಸೋ ನೀತಿ ಇದ್ಯಾ ನೋಡಿ, ಇದ್ರೆ ಅದರ ನಿಯಮದೊಳಗೇ ಬರೆಯಿರಿ. ನೆಟ್‌ಸ್ಕೇಪ್ ಕಂಪನಿ 1995ರಲ್ಲೇ ಇಂಥದ್ದು ಶುರು ಮಾಡಿತ್ತು, ಈಗ ಬಹಳ ಕಡೆ ಇದೆ. ಇಲ್ದಿದ್ರೆ ಕಂಪ್ಯೂಟರ್ ಭದ್ರತೆ ನೋಡ್ಕೊಳ್ಳೋ ದೇಶದ ಸಿಇಆರ್‌ಟಿ ತಂಡದ ಮೂಲಕ ಹೇಳಿ. ದುಡ್ಡು ಕೊಟ್ರೆ ಹೇಳ್ತೀನಿ ಅಂತ ಮಾತ್ರ ಬರೀಬೇಡಿ, ಅದು ಬ್ಲ್ಯಾಕ್‌ಮೇಲ್ ಆಗತ್ತೆ. ಸರಿಮಾಡೋಕೆ ಸಮಯ ಕೊಡಿ, ಗೂಗಲ್ಲಿನ ಪ್ರಾಜೆಕ್ಟ್ ಝೀರೋ ತಂಡ 90 ದಿನ ಅಂತ ಇಟ್ಕೊಂಡಿದೆ, ಅದು ನ್ಯಾಯವಾದ ಗಡುವು ಅಂತ ನನಗನ್ಸತ್ತೆ.

ಕಲೀಬೇಕು ಅಂತಿದೆ. ಕಾಲಿ ಲಿನಕ್ಸ್ ಹಾಕ್ಕೊಂಡ್ರೆ ಆಯ್ತಾ?

ಕಾಲಿ ಟೂಲುಗಳ ಪೆಟ್ಟಿಗೆ ಅಷ್ಟೇ, ಕೊನೆಗೆ ಬೇಕಾಗತ್ತೆ. ಮೊದಲು ಸಾಮಾನ್ಯ ಲಿನಕ್ಸ್ ಕಮಾಂಡ್ ಲೈನ್, ನೆಟ್‌ವರ್ಕಿಂಗ್, ಒಂದು ಭಾಷೆ ಕಲೀರಿ, ಪೈಥಾನ್ ಸುಲಭ, ಸಿ ಕಲಿತ್ರೆ ಮೆಮೊರಿ ಅರ್ಥ ಆಗತ್ತೆ. ವೈರ್‌ಶಾರ್ಕ್ ಹಾಕ್ಕೊಂಡು ನಿಮ್ಮದೇ ಮಷಿನ್ನಿಂದ ಏನೇನು ಹೋಗ್ತಿದೆ ಬರ್ತಿದೆ ಅಂತ ಒಂದು ಸಂಜೆ ನೋಡಿ, ಯಾವ ಕೋರ್ಸೂ ಅಷ್ಟು ಕಲಿಸಲ್ಲ. ಓವರ್‌ದಿವೈರ್‌ನ ಬ್ಯಾಂಡಿಟ್, ಕಾರ್ನೆಗಿ ಮೆಲನ್‌ನವರ ಪಿಕೋಸಿಟಿಎಫ್ ಎರಡೂ ಫ್ರೀ, ಒಡೆಯೋಕೆ ಅಂತಲೇ ಇಟ್ಟಿರೋ ಸಿಸ್ಟಮ್ಮುಗಳು, ಎಷ್ಟು ಬೇಕೋ ಅಷ್ಟು ಒಡೀಬಹುದು. ಪಕ್ಕದ ಮನೆ ವೈಫೈ ಮೇಲೆ ಬೇಡ, ನಿಮ್ಮದೇ ರೂಟರ್ ಇದೆಯಲ್ಲ.

ಪೆನ್ ಟೆಸ್ಟರ್‌ಗೆ ಅನುಮತಿ ಬಾಯಿಮಾತಲ್ಲಿ ಇದ್ರೆ ಸಾಕಾ?

ಸಾಲದು, ಬರವಣಿಗೆಯಲ್ಲಿ ಇದ್ರೂ ಕೆಲವೊಮ್ಮೆ ಸಾಲದು. 2019ರ ಸೆಪ್ಟೆಂಬರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಕೋಲ್‌ಫೈರ್ ಕಂಪನಿಯ ಇಬ್ಬರು ಟೆಸ್ಟರ್‌ಗಳು ರಾತ್ರಿ ಹೊತ್ತು ಡಲ್ಲಾಸ್ ಕೌಂಟಿಯ ಕೋರ್ಟ್ ಕಟ್ಟಡದ ಒಳಗೆ ಹೋದ್ರು, ಭದ್ರತೆ ಪರೀಕ್ಷೆ ಮಾಡಿ ಅಂತ ರಾಜ್ಯದ ನ್ಯಾಯಾಂಗ ಇಲಾಖೆಯೇ ಅವರನ್ನ ಗೊತ್ತು ಮಾಡಿತ್ತು. ಅಲಾರಂ ಹೊಡ್ಕೊಂಡ್ತು, ಪೊಲೀಸ್ ಬಂದ್ರು, ಇವರು ಕಾಗದ ತೋರಿಸಿದ್ರು. ಆದ್ರೆ ಆ ಕಟ್ಟಡ ಕೌಂಟಿಯದ್ದು, ಕೌಂಟಿಯವರಿಗೆ ಯಾರೂ ಹೇಳಿರಲಿಲ್ಲ, ಇಬ್ಬರನ್ನೂ ಜೈಲಿಗೆ ಹಾಕಿದ್ರು. ಕೇಸು ಕೈಬಿಟ್ಟಿದ್ದು 2020ರ ಜನವರಿಯಲ್ಲಿ.

ಹಾಗಾಗಿ ಈ ಕೆಲಸಕ್ಕೆ ಇಳಿಯೋರು ಕಾಗದದಲ್ಲಿ ಇಷ್ಟು ನೋಡ್ಕೊಳ್ಳಿ: ಸಹಿ ಹಾಕಿದವರಿಗೆ ನಿಜವಾಗ್ಲೂ ಅದರ ಮೇಲೆ ಹಕ್ಕಿದ್ಯಾ, ಕಟ್ಟಡ, ಸರ್ವರ್, ಕ್ಲೌಡ್ ಬೇರೆ ಬೇರೆಯವರದ್ದಾಗಿದ್ರೆ ಅವರೆಲ್ಲರ ಒಪ್ಪಿಗೆ ಇದ್ಯಾ, ಯಾವ ಐಪಿ ಅಡ್ರೆಸ್ಸುಗಳು ಒಳಗೆ ಯಾವುವು ಹೊರಗೆ, ಯಾವ ದಿನ ಯಾವ ಹೊತ್ತು, ಬೀಗ ತೆಗೆದು ಒಳಗೆ ಹೋಗಬಹುದಾ ಅಥವಾ ನೆಟ್‌ವರ್ಕ್ ಮಾತ್ರಾನಾ, ಇನ್ನೊಬ್ಬರ ಡೇಟಾ ಕಣ್ಣಿಗೆ ಬಿದ್ರೆ ಏನು ಮಾಡ್ಬೇಕು. ಮತ್ತೆ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದ್ರೂ ಎತ್ತಿ, ಹೌದು ಇವರನ್ನ ನಾವೇ ಕಳಿಸಿದ್ದು ಅಂತ ಹೇಳೋ ಒಬ್ಬರ ನಂಬರ್. ಆ ಕಾಗದದ ಪ್ರತಿ ಜೇಬಲ್ಲಿ ಇಲ್ದೆ ಕೆಲಸಕ್ಕೆ ಹೊರಡಬೇಡಿ.